ಫೌಜಿನಿಂದ ಬಂದವರಿಗೆ ಮುಂಜಾನೆ ಏಳರ ಬಿಸಿನೆಸ್ ಮೀಟಿಂಗ್ ಬೇಕಾ?

ಪ್ರಶ್ನೆ: ನನಗೆ 36 ವರ್ಷ. 19ಕ್ಕೆ ಸೇನೆಗೆ ಭರ್ತಿಯಾದೆ. ಬೆಂಗಳೂರಿನ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಟ್ರೇನಿಂಗ್, ಇಲೆಕ್ಟ್ರಿಷಿಯನ್ ಟ್ರೇಡ್. 17 ವರ್ಷದ ನಂತರ ಸ್ವಂತ ಕೋರಿಕೆಯ ಮೇಲೆ ನಾಯಕ್ ಆಗಿ ಹೊರಬಂದೆ. ಪೆನ್ಶನ್ ಬರುತ್ತಿದೆ. ಹುಬ್ಬಳ್ಳಿಯಲ್ಲಿ ಇಲೆಕ್ಟ್ರಿಕಲ್ ಗುತ್ತಿಗೆ ಕೆಲಸ ಶುರು ಮಾಡಿ ಎಂಟು ತಿಂಗಳಾಯಿತು. ಲೈಸೆನ್ಸ್ ಇನ್ನೂ ಬೇರೆಯವರದ್ದು. ಕೆಲಸ ಬರುವುದು ನೆಂಟರಿಷ್ಟರಿಂದ ಮಾತ್ರ, ಅವರು ದುಡ್ಡು ಕೊಡುವುದೂ ತಡ. ಸ್ನೇಹಿತನೊಬ್ಬ ವಾರಕ್ಕೊಮ್ಮೆ ಬೆಳಿಗ್ಗೆ ಏಳಕ್ಕೆ ಹೋಟೆಲಿನಲ್ಲಿ ಸೇರುವ ಬಿಸಿನೆಸ್ ಗುಂಪಿಗೆ ಕರೆಯುತ್ತಿದ್ದಾನೆ. ಒಂದು ಕಸುಬಿಗೆ ಒಬ್ಬರೇ ಅಂತೆ, ಒಬ್ಬರಿಗೊಬ್ಬರು ಕೆಲಸ ಕೊಡಿಸುತ್ತಾರಂತೆ. ವರ್ಷಕ್ಕೆ 50 ಸಾವಿರ, ಮೇಲೆ ಪ್ರತಿ ವಾರ 700 ರೂಪಾಯಿ. ಇಲೆಕ್ಟ್ರಿಕಲ್ ಸೀಟು ಖಾಲಿ ಇದೆ, ಇನ್ನೊಬ್ಬರು ಕಾಯುತ್ತಿದ್ದಾರೆ, ಈ ವಾರವೇ ಹೇಳು ಎನ್ನುತ್ತಾನೆ. ನನ್ನ ಭಾವ ಮಾತ್ರ ಅದು ಚೈನ್ ಮಾರ್ಕೆಟಿಂಗ್, ಹೋಗಬೇಡ ಅನ್ನುತ್ತಾರೆ. ಎದ್ದು ನಿಂತು ನನ್ನ ಬಗ್ಗೆ ನಾನೇ ಹೇಳಿಕೊಳ್ಳುವುದು ನನಗೆ ಆಗದ ಮಾತು. ಕೆಲಸ ಕೊಡಿ ಎಂದು ಕೈಯೊಡ್ಡಿದ ಹಾಗೆ ಅನಿಸುತ್ತದೆ. ಇಂಗ್ಲಿಷ್ ಅಷ್ಟಕ್ಕಷ್ಟೇ. ಕಾರ್ಡಿನ ಮೇಲೆ 'ಮಾಜಿ ಸೈನಿಕ' ಎಂದು ಹಾಕಬಹುದಾ ಎನ್ನುವುದೂ ಗೊತ್ತಾಗುತ್ತಿಲ್ಲ. ಇದೆಲ್ಲ ಬಿಟ್ಟು ಬ್ಯಾಂಕಿನ ಗಾರ್ಡ್ ಕೆಲಸಕ್ಕೆ ಹೋಗುವುದೇ ಒಳ್ಳೆಯದಾ?

ಉತ್ತರ: ನೀವು ಕೇಳಿರುವುದು ಗುಂಪಿನ ಬಗ್ಗೆ. ಪತ್ರ ಓದಿದಾಗ ನನಗೆ ಕಂಡ ಚಿಂತೆ ಅದಕ್ಕಿಂತ ಹಿಂದಿನದು. ನಿಮ್ಮ ಕೆಲಸ ಎಂಥದ್ದು ಎಂದು ಕಣ್ಣಾರೆ ಕಂಡವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಕೆಲವರು ಜೋಧಪುರದಲ್ಲೋ ತೇಜ್‌ಪುರದಲ್ಲೋ ಡ್ಯೂಟಿಯಲ್ಲಿದ್ದಾರೆ, ಉಳಿದವರು ನಿಮ್ಮ ಹಾಗೆ ಪೆನ್ಶನ್ ತಗೊಂಡು ತಮಿಳುನಾಡು, ಕೇರಳದ ತಮ್ಮ ಊರು ಸೇರಿದ್ದಾರೆ. ಹುಬ್ಬಳ್ಳಿಯಲ್ಲಿರುವವರು ನೆಂಟರು. ಅವರಿಗೆ ನೀವು ಗೊತ್ತು, ನಿಮ್ಮ ಕೆಲಸ ಗೊತ್ತಿಲ್ಲ. ಸೇನೆಯಿಂದ ಬಂದು ವ್ಯಾಪಾರಕ್ಕಿಳಿದ ಅನೇಕರ ಜೊತೆ ಕೂತು ಲೆಕ್ಕ ನೋಡಿದ್ದೇನೆ. ಹೆಚ್ಚಿನವರ ತೊಡಕು ಇದೇ. ಕಸುಬು ಇರುತ್ತದೆ, ಒಂದಿಷ್ಟು ಬಂಡವಾಳ ಇರುತ್ತದೆ, ಶಿಸ್ತಂತೂ ಹೇಳುವುದೇ ಬೇಡ. 'ಇವರಿಗೇ ಕೊಡಿ, ನಾನು ಹೇಳ್ತೀನಿ' ಅನ್ನುವ ಹತ್ತು ಜನ ಊರಲ್ಲಿ ಇರುವುದಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗುಂಪಿಗೆ ಸೇರಿ. ಈ ವಾರ ಮಾತ್ರ ಬೇಡ.

ಭಾವನವರ ಮಾತಿನಿಂದ ಶುರು ಮಾಡೋಣ. ಯಾವುದೇ ಯೋಜನೆ ಚೈನ್ ಮಾರ್ಕೆಟಿಂಗ್ ಹೌದೋ ಅಲ್ಲವೋ ತಿಳಿಯಲು ಒಂದು ಪ್ರಶ್ನೆ ಕೇಳಿ: ನಾನು ಹೊಸಬರನ್ನು ಸೇರಿಸಿದರೆ ನನಗೆ ದುಡ್ಡು ಬರುತ್ತದೆಯೇ? ಬರುತ್ತದೆ ಎಂದರೆ ಎದ್ದು ಬನ್ನಿ. ಅಂಥ ಹಣ ಸುತ್ತಿಸುವ ಯೋಜನೆಗಳಿಗೆ 1978ರ ಕಾಯ್ದೆಯಲ್ಲೇ ನಿಷೇಧವಿದೆ. 2021ರ ಡೈರೆಕ್ಟ್ ಸೆಲ್ಲಿಂಗ್ ನಿಯಮಗಳೂ ಪಿರಮಿಡ್ ಯೋಜನೆ ನಡೆಸಬಾರದು ಎನ್ನುತ್ತವೆ. ನಿಮ್ಮ ಸ್ನೇಹಿತ ಹೇಳಿದ ಮಾದರಿ ಬೇರೆ. ಅದರಲ್ಲಿ ಹೆಚ್ಚು ಹೆಸರಾದದ್ದು ಬಿಎನ್‌ಐ (ಬಿಸಿನೆಸ್ ನೆಟ್‌ವರ್ಕ್ ಇಂಟರ್‌ನ್ಯಾಷನಲ್). ಐವನ್ ಮೈಸ್ನರ್ ಎಂಬವರು 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ್ದು. ಒಂದು ಕಸುಬಿಗೆ ಒಬ್ಬರು ಎನ್ನುವ ಯೋಚನೆ ಅದಕ್ಕಿಂತಲೂ ಹಳೆಯದು. 1905ರಲ್ಲಿ ಶಿಕಾಗೋದ ವಕೀಲ ಪಾಲ್ ಹ್ಯಾರಿಸ್ ರೋಟರಿ ಕಟ್ಟಿದಾಗ ಅಲ್ಲೂ ಇದೇ ಪದ್ಧತಿ ಇತ್ತು. ಶುರುವಿನಲ್ಲಿ ರೋಟರಿ ಸದಸ್ಯರು ಒಬ್ಬರಿಗೊಬ್ಬರು ವ್ಯಾಪಾರ ಕೊಡಿಸುತ್ತಿದ್ದರು. ಸಮಾಜಸೇವೆ ಮುಖ್ಯವಾದದ್ದು ಆಮೇಲೆ.

ಹಾಗಂತ ಭಾವನವರ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಮೀಟಿಂಗಿಗೆ ಅತಿಥಿಗಳನ್ನು ಕರೆತರಲು ಸದಸ್ಯರ ಮೇಲೆ ಒತ್ತಡ ಇರುತ್ತದೆ. ಚಪ್ಪಾಳೆ, ಘೋಷಣೆ, ಬ್ಯಾಡ್ಜು, 'ಈಗಲೇ ಫಾರ್ಮ್ ತುಂಬಿ' ಅನ್ನುವ ಉತ್ಸಾಹ ನೋಡಿದರೆ ಹೊರಗಿನವರಿಗೆ ಹಾಗನಿಸುವುದು ಸಹಜ. ಬೆಳಿಗ್ಗೆ ಏಳಕ್ಕೆ ಅಷ್ಟು ಉತ್ಸಾಹ ಯಾರಿಗಾದರೂ ಅನುಮಾನ ತರಿಸುತ್ತದೆ ಬಿಡಿ.

ನಡೆಯುವುದು ಹೀಗೆ. ವಾರಕ್ಕೊಮ್ಮೆ ಸುಮಾರು ಒಂದೂವರೆ ಗಂಟೆಯ ಸಭೆ. ಪ್ರತಿಯೊಬ್ಬರಿಗೂ ಒಂದು ನಿಮಿಷದೊಳಗಿನ ಮಾತು. ಸರದಿ ಬಂದಾಗ ಒಬ್ಬರಿಗೆ ಹೆಚ್ಚು ಹೊತ್ತು. ಸಭೆಯ ಹೊರಗೆ ಇಬ್ಬಿಬ್ಬರೇ ಕೂತು ಮಾತಾಡುವ ಭೇಟಿಗಳು, ಅದಕ್ಕೆ 'ಒನ್ ಟು ಒನ್' ಎನ್ನುತ್ತಾರೆ. ನಿಮಗೆ ಗೊತ್ತಿರುವ ಯಾರಿಗೋ ಇನ್ನೊಬ್ಬ ಸದಸ್ಯರ ಕೆಲಸ ಬೇಕು ಎಂದಾದರೆ ರೆಫರಲ್ ಕೊಡುತ್ತೀರಿ. ಕೆಲಸ ಕುದುರಿದ ಮೇಲೆ ಪಡೆದವರು ಎದ್ದು ನಿಂತು ಇಷ್ಟು ಮೊತ್ತದ ವ್ಯವಹಾರ ಆಯಿತು ಎಂದು ಥ್ಯಾಂಕ್ಸ್ ಹೇಳುತ್ತಾರೆ. ಗೈರುಹಾಜರಿಗೆ ಮಿತಿ ಇದೆ. ಆರು ತಿಂಗಳಲ್ಲಿ ಮೂರಕ್ಕಿಂತ ಜಾಸ್ತಿ ಆದರೆ ಸೀಟು ಹೋಗಬಹುದು. ಬರಲಾಗದಿದ್ದರೆ ಬದಲಿಗೆ ಯಾರನ್ನಾದರೂ ಕಳಿಸಬಹುದು. ಇದು ನಿಮಗೆ ಕಷ್ಟವೇ ಅಲ್ಲ. ಏಳು ಗಂಟೆಯ ಫಾಲ್‌ಇನ್‌ಗೆ ಆರೂ ಮುಕ್ಕಾಲಿಗೆ ನಿಂತು ಅಭ್ಯಾಸ ಇರುವವರಿಗೆ ಇಲ್ಲಿ ಅರ್ಧ ಅಂಕ ಸುಮ್ನೆ ಸಿಗುತ್ತದೆ.

ಇಂಥ ಒಂದೊಂದು ಗುಂಪಿಗೆ ಚಾಪ್ಟರ್ ಎನ್ನುತ್ತಾರೆ. 'ನಮ್ಮ ಚಾಪ್ಟರ್ ಇಷ್ಟು ಕೋಟಿ ಬಿಸಿನೆಸ್ ಮಾಡಿದೆ' ಎನ್ನುವ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಆ ಅಂಕಿ ಸದಸ್ಯರೇ ಹೇಳಿಕೊಂಡ ವಹಿವಾಟಿನ ಮೊತ್ತ, ಲಾಭವಲ್ಲ. ಒಬ್ಬ ರಿಯಲ್ ಎಸ್ಟೇಟಿನವರು ಒಂದು ಪ್ಲಾಟು ಮಾರಿದರೆ ಇಡೀ ತಿಂಗಳ ಅಂಕಿ ಉಬ್ಬುತ್ತದೆ. ಆದ್ದರಿಂದ ಚಾಪ್ಟರಿನ ಒಟ್ಟು ಮೊತ್ತ ಕೇಳಬೇಡಿ. ಪ್ಲಂಬರ್, ಪೇಂಟಿಂಗ್ ಗುತ್ತಿಗೆದಾರ, ಎಸಿ ರಿಪೇರಿಯವರು, ಹೀಗೆ ನಿಮ್ಮ ಕಸುಬಿನ ಅಕ್ಕಪಕ್ಕದವರಿಗೆ ಕಳೆದ ವರ್ಷ ಎಷ್ಟು ಬಂತು ಎಂದು ಕೇಳಿ.

ಈ ಪದ್ಧತಿ ಯಾಕೆ ಕೆಲಸ ಮಾಡುತ್ತದೆ ಎಂದು ಗೊತ್ತಾದರೆ ನಿಮಗೆ ಎಲ್ಲಿ ಉಪಯೋಗ, ಎಲ್ಲಿ ಇಲ್ಲ ಎನ್ನುವುದೂ ಗೊತ್ತಾಗುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಒಂದು ವಿಷಯ ತೋರಿಸಿದರು. ಪರಿಚಯದವರ ಮೂಲಕ ನೌಕರಿ ಸಿಕ್ಕವರನ್ನು ವಿಚಾರಿಸಿದಾಗ, ದಿನಾ ಕಾಣುವ ಆಪ್ತರಿಂದ ಸುದ್ದಿ ಸಿಕ್ಕವರು ಕಡಿಮೆ. ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಕಾಣುವ ಪರಿಚಯಸ್ಥರಿಂದ ಸಿಕ್ಕವರೇ ಜಾಸ್ತಿ. ಕಾರಣ ಸರಳ: ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ದೂರದವರು ಬೇರೆ ವಲಯದ ಸುದ್ದಿ ತರುತ್ತಾರೆ. ಪಲ್ಟನ್ನಿನಲ್ಲಿ ಬೆಳೆದವರ ನಂಟು ಇದಕ್ಕೆ ತದ್ವಿರುದ್ಧ. ಜೀವ ಕೊಡುವಂಥ ಗೆಳೆಯರು ಇಪ್ಪತ್ತು ಜನ, ಊರಲ್ಲಿ ಹಲೋ ಅನ್ನುವ ಪರಿಚಯ ಇನ್ನೂರು ಇರಬೇಕಾದಲ್ಲಿ ಐದು. ದುರ್ಗದಬೈಲ್, ದಾಜಿಬಾನ್ ಪೇಟೆಯ ಅಂಗಡಿಯವರಿಗೆ ಆ ಇನ್ನೂರು ಅಪ್ಪನ ಕಾಲದಿಂದ ಬಂದಿರುತ್ತದೆ. ಬಡಾವಣೆ, ಜಾತಿ, ಶಾಲೆ, ಮದುವೆಮನೆ ಎಲ್ಲವೂ ಅದನ್ನು ಬೆಳೆಸುತ್ತವೆ. ಅವರು ಊರಲ್ಲಿ ಅದನ್ನು ಕಟ್ಟಿಕೊಳ್ಳುತ್ತಿದ್ದ ವಯಸ್ಸಿನಲ್ಲಿ ನೀವು ಗಡಿಯಲ್ಲಿ ಜನರೇಟರ್ ಓಡಿಸುತ್ತಿದ್ದಿರಿ. ಫೀ ಕಟ್ಟಿ ಸೇರುವ ಗುಂಪು ಈ ಕೊರತೆಯನ್ನು ಒಂದಿಷ್ಟು ಬೇಗ ತುಂಬುತ್ತದೆ, ಅಷ್ಟೇ.

ನಿಮ್ಮ ಕಸುಬಿಗೆ ಇದು ಚೆನ್ನಾಗಿಯೇ ಹೊಂದುತ್ತದೆ. ಮನೆ ಕಟ್ಟಿಸುವವರು ಆರ್ಕಿಟೆಕ್ಟ್, ಬಿಲ್ಡರ್, ಇಂಟೀರಿಯರ್‌ನವರು, ಪ್ಲಂಬರ್, ಇನ್ವರ್ಟರ್ ಅಂಗಡಿ, ಗೃಹಸಾಲದ ಏಜೆಂಟ್ ಎಲ್ಲರ ಬಳಿಯೂ ಹೋಗುತ್ತಾರೆ. ಇವರಲ್ಲಿ ಯಾರಿಗೆ ಬೇಕಾದರೂ 'ಒಳ್ಳೆ ಇಲೆಕ್ಟ್ರಿಷಿಯನ್ ಇದ್ದಾರಾ?' ಎಂಬ ಪ್ರಶ್ನೆ ಬರುತ್ತಲೇ ಇರುತ್ತದೆ. ನೀವು ನೋಡಲು ಹೋಗುವ ಚಾಪ್ಟರಿನಲ್ಲಿ ಇಂಥವರು ನಾಲ್ಕೈದು ಜನ ಇಲ್ಲದೆ ಬರೀ ವಿಮೆ, ಟ್ರಾವೆಲ್ಸ್, ಡಿಜಿಟಲ್ ಮಾರ್ಕೆಟಿಂಗ್‌ನವರೇ ತುಂಬಿದ್ದರೆ ಫೀ ಎಷ್ಟೇ ಕಡಿಮೆ ಇರಲಿ, ಬೇಡ.

ಇನ್ನು ಕೈಯೊಡ್ಡುವ ಮಾತು. ಈ ಸಂಕೋಚ ನಿಮ್ಮೊಬ್ಬರದ್ದಲ್ಲ. ಸೇನೆಯಲ್ಲಿ ನಿಮ್ಮ ಬಗ್ಗೆ ಹೇಳುವುದು ಮೇಲಿನವರ ಕೆಲಸ. ಸರ್ವಿಸ್ ರೆಕಾರ್ಡಿನಲ್ಲಿ ಅವರು ಬರೆಯುತ್ತಾರೆ, ನೀವು ಸಾವಧಾನ್‌ನಲ್ಲಿ ನಿಲ್ಲುತ್ತೀರಿ. ಅಂಥವರು ಒಂದು ನಿಮಿಷ ಸಿಕ್ಕಾಗ ಎರಡರಲ್ಲಿ ಒಂದು ಮಾಡುತ್ತಾರೆ. ಹೆಸರು, ನಂಬರ್, ರ‍್ಯಾಂಕ್ ಹೇಳಿ ಕೂತುಬಿಡುತ್ತಾರೆ. ಇಲ್ಲವೇ 'ಎಲ್ಲಾ ಥರದ ಇಲೆಕ್ಟ್ರಿಕಲ್ ಕೆಲಸ ಮಾಡುತ್ತೇನೆ, ದಯವಿಟ್ಟು ಅವಕಾಶ ಕೊಡಿ' ಎನ್ನುತ್ತಾರೆ. ಎರಡನೆಯದು ನಿಜಕ್ಕೂ ಕೈಯೊಡ್ಡಿದ ಹಾಗೆಯೇ ಕೇಳಿಸುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಅದನ್ನು ಕೇಳಿದ ಯಾರಿಗೂ ಯಾರ ಮುಖವೂ ನೆನಪಾಗುವುದಿಲ್ಲ.

ಇದರ ಬದಲು ಒಂದು ತೊಂದರೆಯ ಬಗ್ಗೆ ಮಾತಾಡಿ. ಹೀಗೆ:

'ನಮಸ್ಕಾರ. ಈ ವಾರ ನಾನು ಕೇಳುವುದು ಹಳೆ ಮನೆಗಳ ಬಗ್ಗೆ. ಗೀಸರ್ ಹಾಕಿದರೆ ಮಿಕ್ಸರ್ ನಿಲ್ಲುತ್ತೆ, ಮಳೆ ಬಂದರೆ ಗೋಡೆ ಮುಟ್ಟಿದಾಗ ಜುಂ ಅನ್ನುತ್ತೆ ಎಂದು ಯಾರಾದರೂ ಹೇಳಿದರೆ ಅದು ಸಣ್ಣ ಮಾತಲ್ಲ. ಆ ಮನೆಯ ವೈರಿಂಗೋ ಅರ್ಥಿಂಗೋ ಸರಿ ಇರಲಿಕ್ಕಿಲ್ಲ. ನಾನು ಹೋಗಿ ವೈರಿಂಗ್ ನೋಡಿ, ಅರ್ಥಿಂಗ್ ಅಳೆದು, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಇದೆಯೋ ಇಲ್ಲವೋ ನೋಡಿ, ಏನು ಮಾಡಿಸಬೇಕು, ಏನು ಬೇಡ ಎಂದು ಬರೆದು ಕೊಡುತ್ತೇನೆ. ವಿದ್ಯಾನಗರ, ದೇಶಪಾಂಡೆ ನಗರದ ಕಡೆ ಹಳೆ ಮನೆ ಬಾಡಿಗೆಗೆ ಕೊಟ್ಟಿರುವವರು ಯಾರಾದರೂ ಗೊತ್ತಿದ್ದರೆ ಅವರ ನಂಬರ್ ಕೊಡಿ, ನಿಮ್ಮ ಹೆಸರು ಹೇಳಿ ನಾನೇ ಮಾತಾಡುತ್ತೇನೆ.'

ಒಂದು ನಿಮಿಷದೊಳಗೆ ಮುಗಿಯುತ್ತದೆ, ಓದಿ ನೋಡಿ. ಇದರಲ್ಲಿ ನಿಮ್ಮ ಹೊಗಳಿಕೆ ಒಂದು ಪದವೂ ಇಲ್ಲ. ಆದರೂ ಇವರಿಗೆ ಕೆಲಸ ಗೊತ್ತು ಎನ್ನುವುದು ಕೇಳಿದವರಿಗೆ ತಿಳಿಯುತ್ತದೆ. 'ಗೋಡೆ ಜುಂ ಅನ್ನುತ್ತೆ' ಎಂದ ಕೂಡಲೇ ಕನಿಷ್ಠ ಇಬ್ಬರಿಗೆ ತಮ್ಮ ಅತ್ತೆ ಮನೆಯೋ ಬಾಡಿಗೆದಾರರ ದೂರೋ ನೆನಪಾಗುತ್ತದೆ. ಮುಂದಿನ ವಾರ ಬೇರೆ ವಿಷಯ: ಅಂಗಡಿಯ ಬೋರ್ಡು, ಅಪಾರ್ಟ್‌ಮೆಂಟಿನ ಪಂಪು, ಸೋಲಾರ್. ಭಾಷೆಯ ಚಿಂತೆ ಬಿಡಿ. ಹುಬ್ಬಳ್ಳಿಯಲ್ಲಿ ಕನ್ನಡ, ಹಿಂದಿ ಎರಡೂ ನಡೆಯುತ್ತವೆ. ನಿಮ್ಮ ಫೌಜಿ ಹಿಂದಿ ಪೇಟೆಯ ಮಾರ್ವಾಡಿ, ಗುಜರಾತಿ ವ್ಯಾಪಾರಿಗಳ ಜೊತೆ ಮಾತಾಡಲು ಇಂಗ್ಲಿಷಿಗಿಂತ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

'ಮಾಜಿ ಸೈನಿಕ' ಎಂದು ಕಾರ್ಡಿನ ಮೇಲೆ ಹಾಕಬಹುದಾ? ಹಾಕಿ, ಸಣ್ಣ ಅಕ್ಷರದಲ್ಲಿ ಒಂದು ಸಾಲು. ರೆಜಿಮೆಂಟಿನ ಲಾಂಛನ, ಯೂನಿಫಾರ್ಮಿನ ಫೋಟೋ ಬೇಡ. ಎದುರುಬದುರು ಕೂತಾಗ ಆ ಒಂದು ಸಾಲಿಗೆ ಗೌರವ ಸಿಗುತ್ತದೆ, ಸಂಶಯವಿಲ್ಲ. ಫೋನಿನಲ್ಲಿ ಮಾತ್ರ ಎಚ್ಚರ. ಓಎಲ್‌ಎಕ್ಸ್‌ನಂಥ ಕಡೆ 'ನಾನು ಆರ್ಮಿಯವನು' ಎಂದು ನಕಲಿ ಐಡಿ ಕಾರ್ಡ್ ಕಳಿಸಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಸಿ ದುಡ್ಡು ಹೊಡೆಯುವ ಮೋಸ ವರ್ಷಗಳಿಂದ ನಡೆಯುತ್ತಿದೆ. ಅಪರಿಚಿತರಿಗೆ ಫೋನ್ ಮಾಡಿ ಮೊದಲ ವಾಕ್ಯವೇ 'ನಾನು ಆರ್ಮಿಯಿಂದ' ಅಂದರೆ ಈಗ ಜನ ಕಟ್ ಮಾಡುತ್ತಾರೆ. ನಿಮ್ಮ ತಪ್ಪಲ್ಲ, ಆದರೆ ವಾಸ್ತವ ಅದೇ. ನಂಬರ್ ಕೊಟ್ಟವರ ಹೆಸರು ಮೊದಲು ಹೇಳಿ.

ಈಗ ನಾನು 'ಈ ವಾರ ಬೇಡ' ಎಂದದ್ದಕ್ಕೆ ಕಾರಣ. ಒಬ್ಬ ಆರ್ಕಿಟೆಕ್ಟ್ ತನ್ನ ಗಿರಾಕಿಗೆ ನಿಮ್ಮ ಹೆಸರು ಹೇಳಿದರೆ ಅವರು ತಮ್ಮ ಮರ್ಯಾದೆಯನ್ನು ನಿಮಗೆ ಕೈಗಡ ಕೊಟ್ಟಂತೆ. ಆ ಕೆಲಸ ಕೆಟ್ಟರೆ ಒಬ್ಬ ಗಿರಾಕಿ ಮಾತ್ರ ಹೋಗುವುದಿಲ್ಲ. ಮರುವಾರದ ಮೀಟಿಂಗಿನಲ್ಲಿ ನಲವತ್ತು ಜನರಿಗೆ ಗೊತ್ತಾಗಿರುತ್ತದೆ. ಗುಂಪು ಒಳ್ಳೆಯ ಹೆಸರನ್ನು ಎಷ್ಟು ಬೇಗ ಹಬ್ಬಿಸುತ್ತದೋ ಕೆಟ್ಟದ್ದನ್ನು ಅದಕ್ಕಿಂತ ಬೇಗ ಹಬ್ಬಿಸುತ್ತದೆ. ನಿಮ್ಮ ಬಳಿ ಇನ್ನೂ ಸ್ವಂತ ಲೈಸೆನ್ಸ್ ಇಲ್ಲ. ಕರ್ನಾಟಕದಲ್ಲಿ ವೈರ್‌ಮನ್ ಪರ್ಮಿಟ್, ಸೂಪರ್‌ವೈಸರ್ ಪರ್ಮಿಟ್, ಗುತ್ತಿಗೆದಾರರ ಲೈಸೆನ್ಸ್ ಇವನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಹೊಸ ಮನೆಗೆ ಹೆಸ್ಕಾಂ ಕನೆಕ್ಷನ್ ಬೇಕೆಂದರೆ ಲೈಸೆನ್ಸ್ ಇರುವ ಗುತ್ತಿಗೆದಾರರ ಸಹಿ ಬೇಕು. ಈಗ ಆ ಸಹಿಗಾಗಿ ನೀವು ಇನ್ನೊಬ್ಬರ ಹಿಂದೆ ಓಡುತ್ತಿದ್ದೀರಿ. ಗುಂಪಿನಿಂದ ದೊಡ್ಡ ಕೆಲಸ ಬಂದು, ಆ ಮನುಷ್ಯ ಸಹಿಗೆ ಸತಾಯಿಸಿದರೆ ಗೃಹಪ್ರವೇಶದ ದಿನ ಮನೆಯಲ್ಲಿ ಕರೆಂಟ್ ಇರುವುದಿಲ್ಲ. ಮೊದಲು ಆ ಕಚೇರಿಗೆ ಹೋಗಿ. ನಿಮ್ಮ ಟ್ರೇಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಬುಕ್ ತೋರಿಸಿ, ಯಾವ ಪರ್ಮಿಟ್‌ಗೆ ಅರ್ಹತೆ ಇದೆ, ಇನ್ನೇನು ಪರೀಕ್ಷೆ ಬರೆಯಬೇಕು ಎಂದು ಕೇಳಿ.

ಜೊತೆಗೆ ನೆಂಟರಲ್ಲದವರ ಹತ್ತು ಸಣ್ಣ ಕೆಲಸ ಮುಗಿಸಿ. ಫ್ಯಾನು, ಬೋರ್ಡು, ಅರ್ಥಿಂಗ್ ಏನಾದರೂ ಆಗಲಿ. ಕೆಲಸಕ್ಕೆ ಮುಂಚೆ, ನಂತರ ಫೋಟೋ ತೆಗೆದಿಡಿ. ಮುಗಿದ ಮೇಲೆ ಅವರಿಂದ ಎರಡು ಸಾಲು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಗುಂಪಿಗೆ ಹೋಗುವಾಗ ಕೈಯಲ್ಲಿ ಇದು ಇರಬೇಕು.

ಸೋಲಾರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆ ಚಾವಣಿಯ ಸೋಲಾರಿಗೆ 1 ಕಿಲೋವ್ಯಾಟಿಗೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಮೇಲಿನದಕ್ಕೆ 78 ಸಾವಿರ ರೂಪಾಯಿ ಕೇಂದ್ರದ ಸಬ್ಸಿಡಿ ಇದೆ. ಸಬ್ಸಿಡಿ ಸಿಗಬೇಕಾದರೆ ನೋಂದಾಯಿತ ವೆಂಡರ್ ಮೂಲಕವೇ ಹಾಕಿಸಬೇಕು. ಅಂಥ ವೆಂಡರ್‌ಗಳಿಗೆ ಚಾವಣಿ ಮೇಲೆ ಸರಿಯಾಗಿ ಕೆಲಸ ಮಾಡುವ ಕೈಗಳು ಬೇಕಾಗಿವೆ. ಗುಂಪಿಲ್ಲದೆಯೂ ಅವರ ಹತ್ತಿರ ನೇರವಾಗಿ ಹೋಗಬಹುದು.

ಲೈಸೆನ್ಸ್ ಆಯಿತು, ಸೇರಿದಿರಿ ಎಂದಿಟ್ಟುಕೊಳ್ಳಿ. ನಾನು ಕಂಡಂತೆ ಫೌಜಿಗಳು ಗುಂಪಿನಲ್ಲಿ ಎಡವುವುದು ಮಾತಿನಲ್ಲಿ ಅಲ್ಲ, ದುಡ್ಡಿನಲ್ಲಿ. 17 ವರ್ಷ ತಿಂಗಳ ಕೊನೆಗೆ ಸಂಬಳ ತಾನಾಗೇ ಖಾತೆಗೆ ಬಂದಿದೆ. ಕೇಳಿ ಪಡೆದು ಅಭ್ಯಾಸವಿಲ್ಲ. ಈಗ ನೆಂಟರು ಸತಾಯಿಸುತ್ತಾರೆ ಎಂದಿರಿ ಅಲ್ವಾ? ಗುಂಪಿನವರು ಬೇರೆ ಥರ ಸತಾಯಿಸುತ್ತಾರೆ. 'ನಮ್ಮ ಚಾಪ್ಟರಿನವರೇ ಅಲ್ವಾ, ಆಮೇಲೆ ನೋಡೋಣ' ಎನ್ನುತ್ತಾರೆ. 'ಮೆಂಬರ್ ರೇಟ್ ಹಾಕಿ' ಎನ್ನುತ್ತಾರೆ. ನೀವು ಸಂಕೋಚಕ್ಕೆ ಹೂಂ ಅನ್ನುತ್ತೀರಿ, ಆಮೇಲೆ ತಾಮ್ರದ ವೈರಿನ ರೇಟು ಏರುತ್ತದೆ, ಕೈಯಿಂದ ಹೋಗುತ್ತದೆ.

ಮೊದಲ ದಿನದಿಂದಲೇ ಎಲ್ಲರಿಗೂ ಒಂದೇ ಥರದ ಕೊಟೇಶನ್ ಕೊಡಿ, ಒಂದು ಪುಟ ಸಾಕು. ಎಷ್ಟು ಪಾಯಿಂಟು, ಯಾವ ಕಂಪನಿಯ ವೈರು, 1.5 ಎಲ್ಲಿ, 2.5 ಎಲ್ಲಿ, 4 ಸ್ಕ್ವೇರ್ ಎಂಎಂ ಎಲ್ಲಿ, ಗೋಡೆ ಕೊರೆದ ಮೇಲೆ ಪ್ಲಾಸ್ಟರ್ ಯಾರದ್ದು, ಎಲ್ಲ ಬರೆಯಿರಿ. ಸಾಮಾನಿನ ದುಡ್ಡು ಮುಂಗಡ, ಪೈಪಿಂಗ್ ಮುಗಿದಾಗ ಒಂದು ಕಂತು, ವೈರಿಂಗ್ ಮುಗಿದಾಗ ಒಂದು ಕಂತು, ಟೆಸ್ಟಿಂಗ್ ಮುಗಿದ ದಿನ ಉಳಿದದ್ದು. ರೇಟು ಎಷ್ಟು ದಿನ ಊರ್ಜಿತ ಎಂದೂ ಬರೆಯಿರಿ, 15 ದಿನ ಇಟ್ಟರೆ ಸಾಕು. ಮೆಂಬರ್‌ಗೆ ರಿಯಾಯಿತಿ ಕೊಡಲೇಬೇಕು ಎನಿಸಿದರೆ ಕೂಲಿಯಲ್ಲಿ ಕೊಡಿ, ಸಾಮಾನಿನಲ್ಲಿ ಬೇಡ. ಉದ್ಯಮ್ ನೋಂದಣಿ ಮಾಡಿಸಿ, ಅದಕ್ಕೆ ಸರ್ಕಾರಿ ಶುಲ್ಕವಿಲ್ಲ, ಆನ್‌ಲೈನ್‌ನಲ್ಲೇ ಆಗುತ್ತದೆ. ನೋಂದಾಯಿತ ಸಣ್ಣ ಉದ್ಯಮಕ್ಕೆ ಕಂಪನಿಗಳು 45 ದಿನದೊಳಗೆ ಹಣ ಕೊಡಬೇಕು ಎನ್ನುವ ನಿಯಮ 2006ರ ಎಂಎಸ್‌ಎಂಇ ಕಾಯ್ದೆಯಲ್ಲಿದೆ. ತಾರಿಹಾಳದ ಫ್ಯಾಕ್ಟರಿಯ ಕೆಲಸ ಹಿಡಿದಾಗ ಇದು ನೆನಪಿರಲಿ. ಸ್ವಂತ ಮನೆ ಕಟ್ಟಿಸುವ ಗಿರಾಕಿಯ ವಿಷಯದಲ್ಲಿ ಇದನ್ನು ನೆಚ್ಚಿ ಕೂರಬೇಡಿ, ಅಲ್ಲಿ ಕಂತೇ ಗತಿ.

ಇನ್ನೊಂದು ಅಪಾಯವನ್ನು ಯಾರೂ ನಿಮಗೆ ಬಾಯಿಬಿಟ್ಟು ಹೇಳುವುದಿಲ್ಲ. ಆ ಹಾಲಿನಲ್ಲಿ ವಿಮೆಯವರು, ಮ್ಯೂಚುವಲ್ ಫಂಡಿನವರು, ಪ್ಲಾಟು ಮಾರುವವರು, ಸಾಲ ಕೊಡಿಸುವವರು ಇರುತ್ತಾರೆ. ಹೊಸದಾಗಿ ನಿವೃತ್ತಿಯಾದ ಫೌಜಿಯ ಬಳಿ ಕಮ್ಯುಟೇಶನ್, ಗ್ರಾಚ್ಯುಟಿ, ಎಎಫ್‌ಪಿಪಿ ಫಂಡ್ (ಸೇನೆಯ ಭವಿಷ್ಯ ನಿಧಿ), ಆರ್ಮಿ ಗ್ರೂಪ್ ಇನ್ಶೂರೆನ್ಸ್ ಎಲ್ಲ ಸೇರಿ ಒಂದು ಗಂಟು ಇದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ನಿಮ್ಮ ಮೊದಲ ಹತ್ತು ಒನ್ ಟು ಒನ್‌ಗಳಲ್ಲಿ ಅರ್ಧ ಇಂಥವರದ್ದೇ ಆಗಿರಬಹುದು. ಅವರು ಕೆಟ್ಟವರು ಅಂತಲ್ಲ, ಅವರ ಕಸುಬೇ ಅದು. ಗಂಟಿನ ಮೊತ್ತವನ್ನು ಯಾರಿಗೂ ಹೇಳಬೇಡಿ. ಮೊದಲ ವರ್ಷ ಗುಂಪಿನ ಯಾರ ಮೂಲಕವೂ ಹಣ ಹೂಡಬೇಡಿ, ಯಾರ ಸಾಲಕ್ಕೂ ಜಾಮೀನು ನಿಲ್ಲಬೇಡಿ, ಯಾರ ಜೊತೆಗೂ ಪಾರ್ಟ್‌ನರ್‌ಶಿಪ್ ಬೇಡ. 'ಮನೆಯವರು ಎಫ್‌ಡಿ ಮಾಡಿಸಿಬಿಟ್ಟಿದ್ದಾರೆ' ಎನ್ನಿ, ಮಾತು ಅಲ್ಲಿಗೆ ನಿಲ್ಲುತ್ತದೆ.

ಮಾಜಿ ಸೈನಿಕರಿಗೆ ಸಬ್ಸಿಡಿ ಸಾಲ ಇಲ್ಲವೇ ಎಂದು ಕೇಳುವ ಓದುಗರಿಗೆ ಒಂದು ಮಾತು. ಪಿಎಂಇಜಿಪಿ ಎಂಬ ಕೇಂದ್ರದ ಸ್ವಉದ್ಯೋಗ ಯೋಜನೆಯಲ್ಲಿ ಮಾಜಿ ಸೈನಿಕರು ವಿಶೇಷ ವರ್ಗ. ಸ್ವಂತ ಪಾಲು ಶೇ 5, ಸಬ್ಸಿಡಿ ನಗರದಲ್ಲಿ ಶೇ 25, ಹಳ್ಳಿಯಲ್ಲಿ ಶೇ 35. ಅದು ಹೊಸ ಘಟಕಕ್ಕೆ ಮಾತ್ರ. ಶುರು ಮಾಡುವ ಮೊದಲೇ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬೇಕು, ಅರ್ಜಿ ತೆರೆದಿದೆಯೇ ಎನ್ನುವುದನ್ನೂ ಕೇಳಿಕೊಳ್ಳಬೇಕು. ನೀವು ಈಗಾಗಲೇ ಶುರು ಮಾಡಿದ್ದೀರಿ, ಹಾಗಾಗಿ ಮುದ್ರಾ ಸಾಲ ನೋಡಬಹುದು. ಸದ್ಯಕ್ಕೆ ನಿಮಗೆ ಸಾಲದ ಅಗತ್ಯವೇ ಕಾಣುತ್ತಿಲ್ಲ.

ಫೀ ವಸೂಲಾಗುತ್ತದೆಯೇ? ನೀವು ಹೇಳಿದ ಅಂಕಿಯನ್ನೇ ತೆಗೆದುಕೊಳ್ಳೋಣ. 50 ಸಾವಿರ, ಮೇಲೆ ವಾರಕ್ಕೆ 700ರಂತೆ 50 ವಾರಕ್ಕೆ 35 ಸಾವಿರ. ಒಟ್ಟು 85 ಸಾವಿರ. ಸಾಮಾನು, ಕೂಲಿ ಕಳೆದು ನಿಮಗೆ ಶೇ 15 ಉಳಿಯುತ್ತದೆ ಎಂದಾದರೆ ಬರೀ ಫೀ ವಾಪಸ್ ಬರಲು ಗುಂಪಿನಿಂದಲೇ ಸುಮಾರು 5 ಲಕ್ಷ 67 ಸಾವಿರದ ಕೆಲಸ ಬರಬೇಕು. ಎರಡು ಹೊಸ ಮನೆಯ ವೈರಿಂಗ್, ಒಂದಿಷ್ಟು ಚಿಲ್ಲರೆ ಕೆಲಸ ಸಿಕ್ಕರೆ ಆದೀತು. ಮೊದಲ ಆರು ತಿಂಗಳು ಹೆಚ್ಚೇನೂ ನಿರೀಕ್ಷಿಸಬೇಡಿ. ಮೈಸ್ನರ್ ಅವರೇ ಹೇಳುವ ಕ್ರಮದಲ್ಲಿ ಮೊದಲು ಜನರ ಕಣ್ಣಿಗೆ ಬೀಳುವುದು, ಆಮೇಲೆ ನಂಬಿಕೆ, ಕೊನೆಗೆ ಲಾಭ. ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೀಟಿಂಗು, ಓಡಾಟ, ಒನ್ ಟು ಒನ್ ಸೇರಿ ವಾರಕ್ಕೆ ಐದಾರು ಗಂಟೆ ಹೋಗುತ್ತದೆ. 17 ವರ್ಷ ದೂರ ಇದ್ದು ಬಂದವರು ಬೆಳಗಾಗೆದ್ದು ಮತ್ತೆ ಹೊರಟರೆ ಮನೆಯಲ್ಲಿ ಏನನ್ನುತ್ತಾರೆ, ಅದನ್ನೂ ಕೇಳಿಕೊಳ್ಳಿ. ಒಟ್ಟಿನಲ್ಲಿ ಈ ಫೀ ನಿಮ್ಮ ಗಂಟಿನಿಂದ ಹೋಗಬಾರದು, ಕೆಲಸದ ಗಳಿಕೆಯಿಂದ ಹೋಗಬೇಕು. ಗಳಿಕೆ ಅಷ್ಟು ಬರುವ ತನಕ ಕಾಯಿರಿ.

ಅಗ್ನಿವೀರರ ಮನೆಯವರೂ ಇದನ್ನೇ ಕೇಳುತ್ತಾರೆ. ನಾಲ್ಕು ವರ್ಷ ಮುಗಿಸಿ ಬರುವ ಹುಡುಗರ ಕೈಗೆ ಸುಮಾರು 11.71 ಲಕ್ಷ ಸೇವಾ ನಿಧಿ ಬರುತ್ತದೆ, ಪೆನ್ಶನ್ ಇಲ್ಲ. ನಿಮಗೆ ತಿಂಗಳ ಅಕ್ಕಿ ಬೇಳೆಗೆ ಪೆನ್ಶನ್ ಇದೆ, ಆಸ್ಪತ್ರೆಗೆ ಇಸಿಎಚ್‌ಎಸ್ ಇದೆ, ಒಂದು ವರ್ಷ ನಷ್ಟವಾದರೂ ತಡೆಯುತ್ತೀರಿ. ಇಪ್ಪತ್ತೆರಡರ ಹುಡುಗನಿಗೆ ಆ ಆಸರೆ ಇರುವುದಿಲ್ಲ. ಅವನು ಮೊದಲು ಯಾರದಾದರೂ ಕೈಕೆಳಗೆ ಎರಡು ವರ್ಷ ಕೆಲಸ ಮಾಡಲಿ.

ಕಡಿಮೆ ಖರ್ಚಿನ ದಾರಿಗಳೂ ಇವೆ. ಜೇಸೀಸ್ 40 ವರ್ಷದೊಳಗಿನವರ ಸಂಸ್ಥೆ, ನಿಮಗೆ ಇನ್ನೂ ಅವಕಾಶ ಇದೆ. ವೇದಿಕೆ ಮೇಲೆ ನಿಂತು ಮಾತಾಡುವ ಭಯ ಬಿಡಿಸಲು ಇದಕ್ಕಿಂತ ಒಳ್ಳೆ ಜಾಗ ನಮ್ಮ ಕಡೆ ಕಾಣೆ. ಅಲ್ಲಿ ವ್ಯಾಪಾರ ನೇರವಾಗಿ ಬರುವುದಿಲ್ಲ, ಪರಿಚಯ ಬರುತ್ತದೆ. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಗೆ ಹೋದರೆ ದೊಡ್ಡ ವ್ಯಾಪಾರಿಗಳು ಸಿಗುತ್ತಾರೆ, ಹೊಸಬರು ಮೂಲೆಯಲ್ಲಿ ಕೂರುವ ಸಂಭವವೂ ಇದೆ. ಇಲೆಕ್ಟ್ರಿಕಲ್ ಗುತ್ತಿಗೆದಾರರ ಸಂಘಕ್ಕೆ ಮಾತ್ರ ತಪ್ಪದೇ ಹೋಗಿ. ಪೈಪೋಟಿಯವರೇ ಅಲ್ವಾ ಎಂದು ಹಿಂಜರಿಯಬೇಡಿ. ಕೈತುಂಬ ಕೆಲಸ ಇರುವ ಹಿರಿಯ ಗುತ್ತಿಗೆದಾರರು ತಮಗೆ ಬೇಡವಾದ ಸಣ್ಣ ಕೆಲಸವನ್ನು ನಂಬಿಕಸ್ತರಿಗೆ ದಾಟಿಸುತ್ತಾರೆ. ನಿಮ್ಮ ಹತ್ತು ಕೆಲಸ ಅಲ್ಲಿಂದಲೇ ಬರಬಹುದು. ಧಾರವಾಡದ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಮತ್ತು ಮಾಜಿ ಸೈನಿಕರ ಸಂಘವನ್ನೂ ಬಿಡಬೇಡಿ. ಮಾಜಿ ಸೈನಿಕರು ಮನೆ ಕಟ್ಟಿಸುತ್ತಲೇ ಇರುತ್ತಾರೆ, ನಿಮ್ಮ ಟ್ರೇಡಿನ ಬೆಲೆ ಅವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಗಾರ್ಡ್ ಕೆಲಸ? ಮರ್ಯಾದೆಯ ಕೆಲಸವೇ. ಆದರೆ ಕೈಯಲ್ಲಿ ಇಲೆಕ್ಟ್ರಿಷಿಯನ್ ಟ್ರೇಡ್ ಇರುವ 36ರ ಮನುಷ್ಯ ದಿನವಿಡೀ ಬಾಗಿಲಲ್ಲಿ ನಿಂತರೆ ಟ್ರೇಡ್ ಮರೆತುಹೋಗುತ್ತದೆ. ನೌಕರಿಯೇ ಬೇಕೆಂದರೆ ಮಾಜಿ ಸೈನಿಕರ ಮೀಸಲಾತಿ ನೋಡಿ. ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 10, ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಹುದ್ದೆಗಳಲ್ಲಿ ಶೇ 14.5 ಇದೆ. ಅರ್ಜಿ ಹಾಕುತ್ತಾ ಗುತ್ತಿಗೆಯನ್ನೂ ನಡೆಸಬಹುದು.

ಸೀಟಿನ ಅವಸರದ ಬಗ್ಗೆ ಕೊನೆಗೆ. ಫಾರ್ಮ್ ತುಂಬುವ ಮೊದಲು ಅತಿಥಿಯಾಗಿ ಒಂದೆರಡು ಸಲ ಹೋಗಿ ಕೂರಲು ಬಿಡುತ್ತಾರೆ. ಹೋಗಿ, ತಿಂಡಿ ತಿನ್ನಿ, ಚೆಕ್ ಪುಸ್ತಕ ಮನೆಯಲ್ಲಿ ಬಿಟ್ಟು ಹೋಗಿ. ರೆಫರಲ್ ಕೊಡುವಾಗ ಕಿವಿಗೊಟ್ಟು ಕೇಳಿ. 'ಇಂಥವರು ಮನೆ ಕಟ್ಟಿಸುತ್ತಿದ್ದಾರೆ, ನಿಮ್ಮ ಫೋನಿಗೆ ಕಾಯುತ್ತಿದ್ದಾರೆ' ಎಂದರೆ ಅದು ನಿಜವಾದದ್ದು. 'ಇವರಿಗೆ ಒಮ್ಮೆ ಫೋನ್ ಮಾಡಿ ನೋಡಿ' ಎಂಬ ಚೀಟಿಗಳೇ ಜಾಸ್ತಿ ಇದ್ದರೆ ಅಲ್ಲಿ ಜನ ಅಂಕಕ್ಕಾಗಿ ಚೀಟಿ ತುಂಬುತ್ತಿದ್ದಾರೆ. ಹಲವು ಕಡೆ ಸದಸ್ಯರಿಗೆ ಹಾಜರಿ, ರೆಫರಲ್, ಅತಿಥಿಗಳ ಲೆಕ್ಕದಲ್ಲಿ ಹಸಿರು, ಹಳದಿ, ಕೆಂಪು ಎಂದು ಬಣ್ಣ ಕೊಡುತ್ತಾರೆ. ಕೆಂಪಿಗೆ ಹೆದರಿ ಟೊಳ್ಳು ಚೀಟಿ ಕೊಡುವವರು ಇದ್ದೇ ಇರುತ್ತಾರೆ. ಹಿಂದೆ ಆ ಸೀಟಿನಲ್ಲಿದ್ದ ಇಲೆಕ್ಟ್ರಿಕಲ್‌ನವರು ಯಾರು, ಯಾಕೆ ಬಿಟ್ಟರು ಎಂದು ಕೇಳಿ, ಸಾಧ್ಯವಾದರೆ ಅವರಿಗೇ ಫೋನ್ ಮಾಡಿ. ಇಷ್ಟರೊಳಗೆ ಸೀಟು ಬೇರೆಯವರಿಗೆ ಹೋದರೆ ಹೋಗಲಿ. ಒಂದು ಕಡೆ ಇಲೆಕ್ಟ್ರಿಕಲ್ ತುಂಬಿದ್ದರೂ ಸೋಲಾರ್ ಅಥವಾ ಇಲೆಕ್ಟ್ರಿಕಲ್ ಸುರಕ್ಷತಾ ತಪಾಸಣೆ ಎಂಬ ಬೇರೆ ಸೀಟು ತೆರೆಯಬಹುದೇ ಎಂದು ಕೇಳಬಹುದು. ಧಾರವಾಡದ ಕಡೆಯೂ ವಿಚಾರಿಸಿ, ದೂರವೇನಲ್ಲ. ಫೀ ಕಂತಿನಲ್ಲಿ ಕಟ್ಟಬಹುದಾ, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಬರುತ್ತದೆ ಎಂಬ ಎರಡಕ್ಕೂ ಬರಹದಲ್ಲಿ ಉತ್ತರ ತೆಗೆದುಕೊಂಡ ಮೇಲೆ ಸಹಿ ಹಾಕಿ.